ಮೂರನೆಯ ಸಲ ಬಂದ ಕೋಟಿನ ದೆವ್ವ

ಟಾಕೀಸಿನಲ್ಲಿ ಹೆಂಗಸರ ಕ್ಲಾಸಿನ ಬಾಗಿಲು ಕಾಯುವುದು ನನ್ನ ಕೆಲಸವಾಗಿತ್ತು. ಗಂಡ ಸತ್ತ ವರ್ಷವೇ ಸೇರಿದ್ದೆ. ನನ್ನ ಓದು ಬರಹ ಅಷ್ಟಕ್ಕಷ್ಟೆ. ಗೋಡೆಗೆ ಅಂಟಿಸುತ್ತಿದ್ದ ಪೋಸ್ಟರುಗಳ ಅಕ್ಷರ ಕೂಡಿಸಿ ಕೂಡಿಸಿ ಕಲಿತದ್ದು. ಬರೆದದ್ದರಲ್ಲಿ ತಪ್ಪಿದ್ದರೆ ಇರಲಿ. ಆದರೆ ಸಿನಿಮಾ ವಿಚಾರದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಒಂದೊಂದು ಚಿತ್ರವನ್ನೂ ದಿನಕ್ಕೆ ಮೂರು ಸಲ, ವಾರಗಟ್ಟಲೆ ನೋಡಿದವಳು ನಾನು.

ಅರವತ್ತನೇ ಇಸವಿಯ ನಂತರ ಮೈಸೂರಿಗೆ ಇಂಗ್ಲಿಷಿನ ದೆವ್ವದ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ಎಲ್ಲದರಲ್ಲೂ ಒಂದೇ ದೆವ್ವ. ಕರಿ ಕೋಟು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ, ಕೋಟೆಯಂಥ ಹಳೇ ಮನೆ, ಹೆಂಗಸರ ಕತ್ತು ಕಚ್ಚಿ ರಕ್ತ ಕುಡಿಯುವ ಚಾಳಿ. ಮೊದಲನೆಯದು ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಅವನು ಮೆಟ್ಟಿಲ ಮೇಲೆ ಬಂದು ಸುಮ್ಮನೆ ನಿಂತರೆ ಸಾಕು, ಗಂಡಸರ ಬೆಂಚಿನಲ್ಲಿ ಬೀಡಿ ಸೇದುವುದು ಮರೆತುಹೋಗುತ್ತಿತ್ತು. ಕೊನೆಗೆ ಎದೆಗೆ ಗೂಟ ಬಡಿದು ಕೊಂದರು. ಎರಡನೆಯದರಲ್ಲಿ ಮತ್ತೆ ಎದ್ದು ಬಂದ. ಮನೆಗೆ ಬೆಂಕಿಯಿಟ್ಟು ಸುಟ್ಟರು. ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ, ಮೂರನೆಯದು ತೆಗೆದರು. ಅದರಷ್ಟು ದರಿದ್ರ ಚಿತ್ರ ಇನ್ನೊಂದನ್ನು ನಾನು ಕಾಣೆ.

ಆ ಚಿತ್ರ ಬಂದ ವಾರ ನಮ್ಮ ವಠಾರದ ಪಕ್ಕದ ಮನೆಯವಳು ನಲ್ಲಿಯ ಹತ್ತಿರ ನನ್ನನ್ನು ಹಿಡಿದಳು. ಅವಳ ಸೊಸೆ ಮಂಡಕಳ್ಳಿ ಕಡೆಯ ಹುಡುಗಿ, ಬಂದು ವರ್ಷ ತುಂಬಿರಲಿಲ್ಲ. ಪ್ರತಿ ಶುಕ್ರವಾರ ಆ ಹುಡುಗಿಯ ಮೈಮೇಲೆ ದೆವ್ವ ಬರುತ್ತಿತ್ತು. ಬಂದರೆ ಕಾಲು ನೀಡಿ ಕೂತು, ಅತ್ತೆಯನ್ನು ಏಕವಚನದಲ್ಲಿ ಕರೆದು, ಬಿಸಿ ಅನ್ನ ಕೇಳುತ್ತಿತ್ತು. ಹಿನಕಲ್‌ನಿಂದ ಮಂತ್ರ ಹಾಕುವವನು ಬಂದು ಬೇವಿನ ಸೊಪ್ಪಿನಲ್ಲಿ ಹೊಡೆದು, ಒಂದು ಕೋಳಿ ಹಿಡಿದುಕೊಂಡು ಹೋಗಿದ್ದ. ದೆವ್ವ ಹೋಗಿರಲಿಲ್ಲ.

"ಅಕ್ಕಾ, ನಿಮ್ ಟಾಕೀಸಿನ ಪಿಚ್ಚರ್‌ನಲ್ಲಿ ದೆವ್ವನ ನಿಜವಾಗ್ಲೂ ಸಾಯಿಸ್ತಾರಾ?" ಅಂದಳು.

"ಸಾಯಿಸ್ತಾರೆ. ಪ್ರತಿ ಸಲಾನೂ ಸಾಯಿಸ್ತಾರೆ."

"ಅಂಗಾರೆ ಇವಳನ್ನ ಕರ್ಕೊಂಡ್ ಬತ್ತೀನಿ. ಅಷ್ಟ್ ದೊಡ್ಡ ದೆವ್ವಾನೇ ಸಾಯೋದ್ ನೋಡುದ್ರೆ ಇವಳ ಮೈಯಾಗಿರೋದು ಎದ್ರಿ ಓಡೋಗಲ್ವಾ?"

"ಇಂಗ್ಲಿಷ್ ದೆವ್ವ ಸತ್ರೆ ಮಂಡಕಳ್ಳಿ ದೆವ್ವಕ್ಕೇನು ಸೂತಕವೇನೇ?"

"ನೀನು ಆಡ್ಕೋಬೇಡ ಕಣಕ್ಕ. ಇದೂ ಆಗ್ದೇ ಇದ್ರೆ ಅವರವ್ವನ ಮನೇಲಿ ಬುಟ್ಬುಟ್ಟು ಬತ್ತೀನಿ. ನನ್ ಮಗನಿಗೆ ಬ್ಯಾರೆ ಹೆಣ್ಣು ನೋಡ್ತೀನಿ."

ಸೊಸೆ ಅಲ್ಲೇ ಕೊಡ ಹಿಡಿದು ನಿಂತಿದ್ದಳು. ಅವಳ ಮೇಲೆ ನನಗೆ ಕನಿಕರವೇನೂ ಇರಲಿಲ್ಲ. ನಲ್ಲಿಯಲ್ಲಿ ನನ್ನ ಕೊಡ ಸರಿಸಿ ತನ್ನದು ಇಡುವ ಜಾತಿ ಅವಳು. ಆದರೆ ಅವಳ ದೆವ್ವ ಯಾವುದು ಅಂತ ಇಡೀ ವಠಾರಕ್ಕೆ ಗೊತ್ತಿತ್ತು. ಶುಕ್ರವಾರ ಆ ಮನೆಯ ಒಂಬತ್ತು ಜನಕ್ಕೂ ತಲೆಸ್ನಾನ. ಮನೆಯಲ್ಲಿ ಮಗಳೊಬ್ಬಳಿದ್ದರೂ ಅಷ್ಟಕ್ಕೂ ನೀರು ಹೊತ್ತು ಕಾಯಿಸುವವಳು ಇವಳೊಬ್ಬಳೇ. ಎಲ್ಲರದ್ದೂ ಊಟವಾಗಿ ಇವಳ ತಟ್ಟೆಗೆ ತಣ್ಣನೆಯ ಮುದ್ದೆ ಬೀಳುವ ಹೊತ್ತಿಗೆ ಮಧ್ಯಾಹ್ನ ಮೂರಾಗಿರುತ್ತಿತ್ತು. ದೆವ್ವ ಎರಡೂವರೆಗೆ ಬರುತ್ತಿತ್ತು. ಅತ್ತೆಗೆ ಮಾತ್ರ ಈ ಲೆಕ್ಕ ಹೊಳೆದಿರಲಿಲ್ಲ.

ಶನಿವಾರ ಮ್ಯಾಟಿನಿಗೆ ಇಬ್ಬರೂ ಬಂದರು. ಸೊಸೆಗೆ ಅರಿಸಿನ ಬಳಿದು, ಹಣೆ ತುಂಬ ಕುಂಕುಮ ಇಟ್ಟು ಅತ್ತೆ ಕರೆತಂದಿದ್ದಳು. ಅತ್ತೆಯ ಚೀಲದಲ್ಲಿ ಬೇವಿನ ಸೊಪ್ಪು, ಎರಡು ನಿಂಬೆಹಣ್ಣು, ಒಂದು ಮೋಟು ಪೊರಕೆ. ದೆವ್ವಕ್ಕೆ ಚೆನ್ನಾಗಿ ಕಾಣಲಿ ಅಂತ ಸೊಸೆಯನ್ನು ಮೊದಲನೇ ಸಾಲಿನಲ್ಲೇ ಕೂರಿಸಿದಳು. ನಾನು ಬಾಗಿಲ ಪರದೆ ಎಳೆದು ಅವರ ಪಕ್ಕಕ್ಕೆ ನಿಂತೆ.

ಚಿತ್ರ ಶುರುವಾಯಿತು. ಅರ್ಧ ಗಂಟೆ ಯಾವನೋ ಗಾಡಿಯಲ್ಲಿ ಹೋಗುತ್ತಾನೆ, ಇಳಿಯುತ್ತಾನೆ, ಹೆಂಡ ಕುಡಿಯುತ್ತಾನೆ. ದೆವ್ವದ ಸುಳಿವೇ ಇಲ್ಲ. ಆಮೇಲೆ ಬಂದ. ಬಂದವನಿಗೆ ಒಂದು ಮಾತಿಲ್ಲ, ಬೆಕ್ಕಿನ ಹಾಗೆ ಹಿಸ್ಸ್ ಅನ್ನುವುದೊಂದೇ. ಅವನಿಗೂ ಸಾಕಾಗಿತ್ತು ಅಂತ ಮುಖದಲ್ಲೇ ಕಾಣುತ್ತಿತ್ತು. ಬಾಗಿಲು ದಬ್ಬಿದರೆ ಕೋಟೆಯ ಗೋಡೆ ಅಲ್ಲಾಡಿತು. ರಕ್ತ ಅಂತ ತೋರಿಸಿದ್ದು ಆರತಿ ನೀರು. ನಮ್ಮ ಹೆಂಗಸರಿಗೆ ಆ ಬಣ್ಣ ಗೊತ್ತಿಲ್ಲವೇ. ಆ ಮನೆಯ ಹೆಂಗಸರಾದರೂ ಎಂಥವರು, ದಿನಾ ಕಿಟಕಿಯಿಂದ ದೆವ್ವ ಬರುತ್ತದೆ ಅಂತ ಗೊತ್ತಿದ್ದೂ ಕಿಟಕಿ ತೆರೆದೇ ಮಲಗುತ್ತಾರೆ.

ಆಮೇಲೆ ಬಾವಲಿ ಬಂತು. ಬಟ್ಟೆಯ ಬಾವಲಿ. ಎಳೆದಲ್ಲಿಗೆ ಹೋಗುತ್ತಿತ್ತು, ಬಿಟ್ಟಲ್ಲಿ ನೇತಾಡುತ್ತಿತ್ತು.

"ಅತ್ತೆ, ದಾರ ಕಾಣ್ತದೆ ನೋಡಿ," ಅಂದಳು ಸೊಸೆ. ಅಂದವಳೇ ನಕ್ಕಳು. ಒಂದು ಸಲ ಶುರುವಾದ ನಗು ನಿಲ್ಲಲಿಲ್ಲ. ಪಾದ್ರಿ ಶಿಲುಬೆ ಎತ್ತಿದ, ನಕ್ಕಳು. ದೆವ್ವ ಹಿಸ್ಸ್ ಅಂದ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಹಿಂದಿನ ಸಾಲಿನ ಹೆಂಗಸರೂ ಶುರುಮಾಡಿದರು.

ಅತ್ತೆಯ ಮುಖ ಬಿಳಿಚಿಕೊಂಡಿತು. ಚೀಲದಿಂದ ಬೇವಿನ ಸೊಪ್ಪು ಹೊರಗೆ ತೆಗೆದಳು.

"ಇವಳಲ್ಲ ಕಣಕ್ಕ ನಗ್ತಿರೋದು, ಅದು. ದೇವರ ಗುರುತಿಗೇ ನಗ್ತಾ ಅದೆ. ಇದು ಹೋಗಾಕಿಲ್ಲ. ಈಗ ಇಲ್ಲಿಂದ್ಲೇ ಮಂಡಕಳ್ಳಿಗೆ ಕರ್ಕೊಂಡೋಗಿ ಬುಟ್ಬುಡ್ತೀನಿ."

ಸೊಸೆಯ ನಗು ಅಲ್ಲಿಗೆ ನಿಂತಿತು. ತೆರೆಯ ಮೇಲೆ ಯಾರೋ ಪರದೆ ಹರಿದರು, ಬಿಸಿಲು ಬಿತ್ತು, ಕೋಟಿನವನು ಒಂದು ಹಿಡಿ ಬೂದಿಯಾದ. ದೀಪ ಹತ್ತಿತು. ಅತ್ತೆ ಆಗಲೇ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದ್ದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಕೂತ್ಕೊ ಕಣಮ್ಮ. ದಾರ ಕಂಡಿದ್ದು ಯಾರಿಗೆ?"

"ಇವಳಿಗೆ."

"ದೆವ್ವಕ್ಕೆ ದಾರ ಕಾಣುತ್ತೇನು? ಅದಕ್ಕೆ ಬಾವಲಿನೇ ಕಾಣೋದು. ದಾರ ಮನುಷ್ಯರ ಕಣ್ಣಿಗೆ ಬೀಳೋದು. ಅಂದ್ರೆ ಅಷ್ಟೊತ್ತಿಗೇ ಅದು ಇಳಿದೋಗಿತ್ತು."

ಅವಳು ಸೊಸೆಯ ರಟ್ಟೆ ಬಿಟ್ಟಳು. "ನಿಜ್ವಾಗ್ಲೂ ಹೋಯ್ತಾ?"

"ಹೋಯ್ತು. ಆದ್ರೆ ಇದು ತಿರುಗಿ ಬರೋ ಜಾತಿ. ಇವನೂ ಒಂದ್ಸಲ ಗೂಟಕ್ಕೆ ಸತ್ತ, ಒಂದ್ಸಲ ಬೆಂಕೀಲಿ ಸತ್ತ, ಮೂರನೇ ಸಲ ಬಂದಿದಾನೆ. ಯಾಕೆ? ಅಷ್ಟು ದೊಡ್ಡ ಮನೇಲಿ ಒಂದು ಒಲೆ ಉರಿಯೋದು ನೋಡಿದ್ಯಾ? ಒಂದು ಪಾತ್ರೆ ಕಂಡ್ಯಾ?"

ಅವಳು ಯೋಚಿಸಿದಳು. "ಇಲ್ಲ ಕಣಕ್ಕ. ಬರೀ ದೊಡ್ಡ ಮೇಜು."

"ಅದೇ. ಹೊಟ್ಟೆಗಿಲ್ಲ, ಕತ್ತಿಗೆ ಬಾಯಿ ಹಾಕ್ತಾನೆ. ಶುಕ್ರವಾರ ಇವಳಿಗೆ ಮೊದಲು ಬಿಸಿ ಅನ್ನ ಹಾಕು. ನೀರಿಗೆ ನಿನ್ ಮಗಳನ್ನೂ ಕಳಿಸು. ಒಂಟಿಯಾಗಿ, ಹಸ್ಕೊಂಡು ನೀರಿಗೆ ಹೋದವರನ್ನೇ ಇದು ಹಿಡಿಯೋದು. ಆಮೇಲೆ ನಿನ್ ಕತ್ತಿಗೇ ಬಂದ್ರೆ ನನ್ನ ಕೇಳಬೇಡ."

ಅವಳು ಕತ್ತು ಮುಟ್ಟಿ ನೋಡಿಕೊಂಡಳು. ಇಂಥ ದಡ್ಡರಿಗೆ ನಿಜ ಹೇಳಿ ಪ್ರಯೋಜನವಿರಲಿಲ್ಲ. ಸಿನಿಮಾದವರೇ ಸುಳ್ಳು ಕೊಟ್ಟಿದ್ದರು, ಅದನ್ನೇ ತಿರುಗಿಸಿ ಕೊಟ್ಟೆ.

ಮುಂದಿನ ಶುಕ್ರವಾರ ಎರಡೂವರೆ ಆಯಿತು, ಮೂರಾಯಿತು, ಪಕ್ಕದ ಮನೆಯಲ್ಲಿ ಸದ್ದಿಲ್ಲ. ಸಂಜೆಗೆ ಅತ್ತೆ ಮೊಹಲ್ಲಾ ತುಂಬ ಸಾರಿಬಿಟ್ಟಿದ್ದಳು. ಮಾರನೆಯ ದಿನದಿಂದ ಎಲ್ಲೆಲ್ಲಿಂದಲೋ ಅತ್ತೆಯರು ಸೊಸೆಯರನ್ನು ಹಿಡಿದು ತಂದು ಮೊದಲನೇ ಸಾಲಿಗೆ ಕೂರಿಸಿದರು. ಆ ಕೆಟ್ಟ ಚಿತ್ರ ಒಂದು ವಾರ ಹೆಚ್ಚು ಓಡಿತು. ಮ್ಯಾನೇಜರು ಚಿತ್ರ ಚೆನ್ನಾಗಿದೆ ಅಂದುಕೊಂಡರು. ಬೇವಿನ ಸೊಪ್ಪು ಗುಡಿಸಿದ್ದು ನಾನು. ಬಂದವರಿಗೆಲ್ಲ ಒಲೆಯ ಮಾತನ್ನೇ ಹೇಳಿ ಕಳಿಸಿದೆ. ಎಷ್ಟು ಜನ ಕೇಳಿದರೋ ಗೊತ್ತಿಲ್ಲ.

ವರ್ಷ ಕಳೆದು ನಾಲ್ಕನೆಯದು ಬಂತು. ಅದೇ ಕೋಟು, ಅದೇ ಹಲ್ಲು. ಗೋಡೆಯ ಪೋಸ್ಟರಿನಲ್ಲಿ ಅವನನ್ನು ಕಂಡು ಅತ್ತೆ ಮನೆಗೆ ಓಡಿದಳು. ಅವತ್ತು ಮಂಗಳವಾರ. ಆದರೂ ಸೊಸೆಗೆ ಬಿಸಿ ಅನ್ನ, ಮೇಲೆ ತುಪ್ಪ.

ಸಂಜೆ ನಲ್ಲಿಯ ಹತ್ತಿರ ಆ ಹುಡುಗಿ ನನ್ನನ್ನು ಕೇಳಿದಳು. "ದೊಡ್ಡವ್ವ, ಇನ್ನೊಂದು ಯಾವಾಗ ಬರ್ತದೆ?"

ಕೇಳುತ್ತಲೇ ನನ್ನ ಕೊಡ ಸರಿಸಿ ತನ್ನದು ಇಟ್ಟಳು.