ಶಹನಾಯಿ ಊದುವವರ ಒಸಡು

ಎಂಬತ್ತರ ದಶಕದಲ್ಲಿ ನಾನು ಹೊನ್ನಾಳಿಯಲ್ಲಿ ಹಲ್ಲಿನ ಡಾಕ್ಟರಾಗಿದ್ದಾಗ, ಗೋವಿನಕೋವಿಯಿಂದ ಶಹನಾಯಿ ಊದುವ ಹಿರಿಯರೊಬ್ಬರು ಬಂದರು. ಹೊಗೆಸೊಪ್ಪಿನ ಕಲೆ ಹಿಡಿದ ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು. ಒಸಡು ಸರಿದು ಬೇರು ಕಾಣುತ್ತಿತ್ತು, ಒತ್ತಿದರೆ ಕೀವು ಬರುತ್ತಿತ್ತು. ಎಕ್ಸ್‌ರೇ ತೆಗೆಸಿದರೆ ಹಲ್ಲು ಹಿಡಿದಿದ್ದ ಮೂಳೆಯೇ ಅರ್ಧ ಕರಗಿತ್ತು. ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆಯೂ ಸಿಕ್ಕಿತು.

"ಒಂದಿನಾನೂ ನೋವಾಗಿಲ್ರೀ," ಎಂದರು.

"ನೋವಿಲ್ದೆ ತಿನ್ನೋ ರೋಗ ಇದು. ಸಕ್ಕರೆಗೆ ಮಾತ್ರೆ ತಗೊಳ್ರಿ, ವಾರವಾರ ಬಂದು ಒಸಡು ಕ್ಲೀನ್ ಮಾಡಿಸ್ಕೊಳ್ರಿ. ಹೊಗೆಸೊಪ್ಪು ಇವತ್ತೇ ಬಿಡ್ರಿ."

"ಮುಂದಿನ ಹಲ್ಲು ಹೋದ್ರೆ ಊದಾಕೆ ಆಗಲ್ರೀ. ನಲವತ್ತು ವರ್ಷದ ಚಟ, ಆದ್ರೂ ಬಿಡ್ತೀನಿ." ಆಮೇಲೆ ಕೇಳಿದರು: "ನಿಮ್ಮ ಬಾಯಾಗೆ ಸಿಗರೇಟಿನ ವಾಸ್ನೆ ಐತಲ್ರೀ. ನಿಮ್ಮ ಒಸಡಿಗೆ ಅದು ಏನೂ ಮಾಡಲ್ವೇನು?"

"ನಾನೂ ಬಿಡ್ತೀನಿ," ಎಂದುಬಿಟ್ಟೆ.

ಆರು ತಿಂಗಳು ಅವರು ಒಂದು ವಾರವೂ ತಪ್ಪಿಸಲಿಲ್ಲ. ಕೆಳಗಿನ ಎರಡು ಹಲ್ಲು ಕೀಳಲೇಬೇಕಾಯಿತು, ಉಳಿದವು ನಿಂತವು. ನ್ಯಾಮತಿಯ ಮದುವೆಯೊಂದರಲ್ಲಿ ಅವರು ಊದಿದ್ದನ್ನು ನಾನೇ ಕೂತು ಕೇಳಿದೆ. ಹೊಗೆಸೊಪ್ಪನ್ನು ಅವರು ಒಂದೇ ದಿನದಲ್ಲಿ ಬಿಟ್ಟಿದ್ದರು. ನನಗೆ ಸಿಗರೇಟು ಬಿಡಲು ಮೂರು ತಿಂಗಳು ಹಿಡಿಯಿತು. ಅಲ್ಲಿಯವರೆಗೂ ಪ್ರತಿ ಸೋಮವಾರ ಕುರ್ಚಿಯಲ್ಲಿ ಕೂರುವ ಮೊದಲು ಅವರೇ ನನ್ನ ಬಾಯಿ ಮೂಸಿ ನೋಡುತ್ತಿದ್ದರು.