ಲಿಂಕಿನ ಕೊನೆಯಲ್ಲಿದ್ದ ನಂಬರು

ಶಾಹಿನಾ, ನಿನ್ನ ಹೆಸರನ್ನು ಮ್ಯಾನೇಜರಿಗೆ ಹೇಳಿದವಳು ನಾನು. ರೀಟಾ ಅಲ್ಲ. ಇಷ್ಟು ಹೇಳಲು ಎಂಟು ವರ್ಷ ಬೇಕಾಯಿತು — ಬೇಕಾಯಿತು ಅನ್ನುವುದೂ ಸುಳ್ಳೇ. ಹೇಳದೆಯೇ ಇದ್ದುಬಿಡಬಹುದು ಅಂದುಕೊಂಡಿದ್ದೆ.

ಇಂದಿರಾನಗರದ ಆ ಕಚೇರಿಯಲ್ಲಿ ನೀನೂ ರೀಟಾಳೂ ಫೋನಿನಲ್ಲಿ ಗ್ರಾಹಕರ ಗೋಳು ಕೇಳುವವರು, ನಾನು ವೆಬ್‌ಸೈಟ್ ನೋಡಿಕೊಳ್ಳುವವಳು. ಸಿಬ್ಬಂದಿ ತಮ್ಮ ದೂರುಗಳನ್ನು ಹೆಸರಿಲ್ಲದೆ ಬರೆಯಲು ಒಂದು ಪುಟ ಬೇಕು ಎಂದು ಮೇಲಿನವರು ಹೇಳಿದಾಗ ಅದನ್ನು ಮಾಡಿ, ಎಲ್ಲರಿಗೂ ಒಂದೊಂದು ಲಿಂಕ್ ಕಳಿಸಿದೆ. ಲಿಂಕಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಅದರ ಮುಂದೆ ಏನಾದರೂ ಅಂಟಿಸಬಹುದು — ಯಾವ ಭಾಷೆ, ಎಷ್ಟನೇ ಪುಟ, ಬಂದವರು ಯಾರು. ನಾನು ಅಲ್ಲಿ ಅವರವರ ಸಿಬ್ಬಂದಿ ನಂಬರು ಅಂಟಿಸಿದೆ. ಬರೆದು ಮುಗಿಸಿದವರಿಗೆ ಮತ್ತೆ ನೆನಪಿಸುವ ಮೇಲ್ ಹೋಗದಿರಲಿ ಎಂಬುದಷ್ಟೇ ಆಗ ತಲೆಯಲ್ಲಿತ್ತು. ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು.

ನೀನು ನನ್ನ ಮೇಜಿನ ಹತ್ತಿರ ಬಂದು ಕೇಳಿದ್ದೆ. “ಹೆಸ್ರು ಗೊತ್ತಾಗಲ್ಲ ಅಲ್ವಾ, ಸುಮಾ?”

“ಗೊತ್ತಾಗಲ್ಲ ಕಣೆ. ಬರಿ.”

ನೀನು ಬರೆದೆ. ಸಂಜೆ ಪಾಳಿಯ ಹೆಂಗಸರನ್ನು ಮನೆ ತನಕ ಬಿಡಬೇಕಾದ ಕ್ಯಾಬು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲೇ ಇಳಿಸಿ ಹೋಗುತ್ತದೆ. ಕೇಳಿದರೆ ಮ್ಯಾನೇಜರ್ “ಕರ್ಕೊಂಡೋಗಕ್ಕೆ ಮನೇಲಿ ಗಂಡಸ್ರು ಇಲ್ವಾ” ಅನ್ನುತ್ತಾರೆ. ಗಂಡನನ್ನು ಕಳೆದುಕೊಂಡು ಮಗಳೊಬ್ಬಳನ್ನೇ ಸಾಕುತ್ತಿದ್ದ ನಿನಗೆ ಆ ಮಾತು ಎಲ್ಲಿ ತಾಗಿತ್ತೆಂದು ನನಗೆ ಗೊತ್ತಿತ್ತು. ಆದರೆ ಅದನ್ನು ನೀನು ಬರೆದಿರಲಿಲ್ಲ. ಆ ಕ್ಯಾಬಿನಲ್ಲಿ ಹೋಗುವ ಯಾರು ಬೇಕಾದರೂ ಬರೆದಿರಬಹುದಾದ ದೂರು ಅದು. ಜೋಗುಪಾಳ್ಯದ ಮನೆಗೆ ನಡೆದೇ ಹೋಗುತ್ತಿದ್ದ ನನಗೆ ಆ ಕ್ಯಾಬಿನ ಗೊಡವೆಯೇ ಇರಲಿಲ್ಲ.

ಮ್ಯಾನೇಜರ್ ನನ್ನನ್ನು ಕರೆಸಿದರು. “ಇದು ಯಾರ್ದು ಅಂತ ನೋಡಕ್ಕಾಗತ್ತಾ?”

ಆಗಲ್ಲ ಸರ್ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಗದರಿಸಲಿಲ್ಲ, ಆಸೆ ತೋರಿಸಲಿಲ್ಲ. ಕುರ್ಚಿ ತೋರಿಸಿ ಕೂತ್ಕೊಳಿ ಅಂದರು, ಅಷ್ಟೆ. ನಾನು ಏನು ಕೆಲಸ ಮಾಡುತ್ತೇನೆಂದು ಅಲ್ಲಿಯವರೆಗೆ ಆ ಕಚೇರಿಯಲ್ಲಿ ಕೇಳಿದವರೇ ಇರಲಿಲ್ಲ. ನನಗೆ ಬರುತ್ತದೆ ಎಂದು ತೋರಿಸಿಕೊಳ್ಳುವ ಚಪಲ — ಅದಕ್ಕೆ ಇನ್ನೊಂದು ಒಳ್ಳೆಯ ಹೆಸರು ಹುಡುಕಿದ್ದೇನೆ. ಸಿಕ್ಕಿಲ್ಲ.

“ನೋಡ್ಬಹುದು ಸರ್” ಅಂದೆ.

ನಿನ್ನ ಮಾತಿನ ಪಕ್ಕ ಹೆಸರಿರಲಿಲ್ಲ, ಕಳಿಸಿದ ಸಮಯ ಇತ್ತು. ಯಾವ ಲಿಂಕಿನಿಂದ ಯಾವಾಗ ದೂರು ಬಂತು ಎಂಬುದನ್ನು ಸರ್ವರ್ ತನ್ನ ಪಾಡಿಗೆ ಬರೆದಿಟ್ಟುಕೊಂಡಿತ್ತು. ಅಲ್ಲಿ ಅದೇ ಸಮಯದ ಎದುರು ನಿನ್ನ ಲಿಂಕ್, ಅದರ ಕೊನೆಯಲ್ಲಿ ನಿನ್ನ ನಂಬರು. ಎರಡನ್ನೂ ಹೊಂದಿಸಿದೆ. ಹೆಸರು ಹೇಳಿದೆ. “ವೆರಿ ಗುಡ್” ಅಂದರು. ನನಗೆ — ಇದನ್ನು ಬರೆಯಲೇಬೇಕು — ಸಂತೋಷವಾಯಿತು.

ಮೊದಲು ನಿನ್ನ ಪಾಳಿ ಬದಲಾಯಿತು, ಆಮೇಲೆ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಕೊನೆಯ ದಿನ ಪ್ಯಾಂಟ್ರಿಯಲ್ಲಿ ನೀನು ರೀಟಾಳನ್ನು ಕೇಳಿದಾಗ ನಾನು ಪಕ್ಕದಲ್ಲೇ ಬಾಟಲಿಗೆ ನೀರು ತುಂಬುತ್ತಿದ್ದೆ.

“ಬರ್ದಿದ್ದನ್ನ ನಿಂಗ್ ಬಿಟ್ಟು ಯಾರ್ಗೂ ತೋರ್ಸಿರ್ಲಿಲ್ಲ, ರೀಟಾ.”

“ನಾನ್ ಹೇಳಿಲ್ಲ ಮಾ. ಆರೋಗ್ಯ ಮಾತೆ ಮೇಲಾಣೆ, ನಾನ್ ಹೇಳಿಲ್ಲ.”

ನೀನು ನಂಬಲಿಲ್ಲ. ಆದರೂ ರೀಟಾಳೇ ಹೇಳಿದ್ದು ಎಂದು ಪೂರ್ತಿ ಖಚಿತವೂ ಇರಲಿಲ್ಲ ನಿನಗೆ. ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ ನನ್ನನ್ನು ಕೇಳಿದೆ: “ಕಂಪ್ಯೂಟರಿಂದ ಏನಾದ್ರೂ ಗೊತ್ತಾಗಿರ್ಬೋದಾ?”

“ಇಲ್ಲ ಕಣೆ. ಯಾರೋ ಹೇಳಿರ್ಬೇಕು.”

ಶಾಹಿನಾ, ನಿನ್ನ ಹೆಸರು ಹೇಳಿದ್ದಕ್ಕಿಂತ ಕೀಳಾದದ್ದು ಈ ಮಾತು. ಮೊದಲನೆಯದರಿಂದ ನಿನ್ನ ಕೆಲಸ ಹೋಯಿತು. ಎರಡನೆಯದರಿಂದ ರೀಟಾ ನಿನ್ನಿಂದ ದೂರ ಹೋದಳು — ನಿನ್ನ ಹೆರಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಕೂತಿದ್ದವಳು, ಹಬ್ಬಕ್ಕೆ ನಿನ್ನ ಮನೆಯ ಬಿರಿಯಾನಿಯನ್ನು ನಿನಗಿಂತ ಮೊದಲು ರುಚಿ ನೋಡುತ್ತಿದ್ದವಳು. ಮಾರನೆಯ ಬೆಳಗ್ಗೆ ನಾನು ಲಿಂಕುಗಳಿಂದ ನಂಬರು ತೆಗೆದುಹಾಕಿದೆ. ನಿನಗಾಗಿ ಅಲ್ಲ. ನಾಳೆ ಯಾರಾದರೂ ತೆರೆದು ನೋಡಿದರೆ ನಾನು ಸಿಕ್ಕಿಬೀಳಬಾರದು ಎಂದು.

ಹೋದ ವಾರ ಪುಲಿಕೇಶಿನಗರದಲ್ಲಿ, ಮಾಸ್ಕ್ ರೋಡಿನ ಬೇಕರಿಯೊಂದರಲ್ಲಿ ರೀಟಾ ಸಿಕ್ಕಳು. ನಾನು ಕೇಳದಿದ್ದರೂ ನಿನ್ನ ಸುದ್ದಿ ತೆಗೆದಳು. “ಅವಳ ಮಗಳ ಮದ್ವೆ ಆಯ್ತಂತೆ. ನನ್ನನ್ನ ಕರೀಲಿಲ್ಲ” ಅಂದಳು. ದೂರುವ ದನಿಯಾಗಿರಲಿಲ್ಲ ಅದು. ತಾನೇ ಏನೋ ತಪ್ಪು ಮಾಡಿರಬೇಕು ಎಂಬಂತೆ ಹೇಳಿದಳು, ಅಷ್ಟು ವರ್ಷದ ಮೇಲೆ. ಅದನ್ನು ಕೇಳಿಸಿಕೊಂಡು ಟೀ ಕುಡಿಯಲು ನನ್ನಿಂದ ಆಗಲಿಲ್ಲ. ಅಲ್ಲೇ ಎಲ್ಲವನ್ನೂ ಹೇಳಿದೆ.

ಅವಳು ಬೈಯಲಿಲ್ಲ.

“ಇದನ್ನ ನಂಗ್ಯಾಕೆ ಹೇಳ್ತೀಯಾ? ನಾನ್ ಹೇಳಿಲ್ಲ ಅಂತ ನಂಗೆ ಗೊತ್ತಿತ್ತಲ್ಲಾ. ಅವಳಿಗೆ ಹೇಳು.”

ಚೀಲ ತೆಗೆದುಕೊಂಡು ಎದ್ದು ಹೋದಳು.

ಅದಕ್ಕೇ ಬರೆಯುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ನನ್ನ ಅನುಕೂಲಕ್ಕೇ ಆಗುತ್ತದೆ. ಇದನ್ನು ಓದಿ ನನ್ನ ಬಗ್ಗೆ ಏನನ್ನಿಸಿದರೂ ಅನ್ನಿಸಲಿ, ರೀಟಾಳನ್ನು ಒಮ್ಮೆ ನೋಡು. ಶಿವಾಜಿನಗರದ ಅದೇ ಮಹಡಿಯ ಮನೆಯಲ್ಲಿದ್ದಾಳೆ. ಅವಳಿಗೆ ಈಗ ಮಂಡಿ ನೋವು, ಮೆಟ್ಟಿಲಿಳಿಯುವುದು ಕಷ್ಟ. ನೀನೇ ಹತ್ತಿ ಹೋಗಬೇಕಾದೀತು.