ಏರಿನಲ್ಲಿ ಮಾಯವಾದ ಒದ್ದೆ ಗೆರೆ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ, ಅಮಾಸೆಬೈಲಿಗೆ ಹೋಗುವ ದಾರಿಯ ಕಡಿದಾದ ಏರಿನಲ್ಲಿ, ನನ್ನ ಅಕ್ಕನ ಸ್ಕೂಟರು ಹಿಂದಕ್ಕೆ ಜಾರತೊಡಗಿತು. ಸಮಯ ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಏರು ಶುರುವಾಗುವ ಮುಂಚೆ ಕೈಗಡಿಯಾರ ನೋಡಿಕೊಂಡು, ಇವತ್ತೂ ಬಾಗಿಲು ತೆರೆಯುವ ಮೊದಲೇ ಶಾಲೆಯ ಜಗಲಿಯಲ್ಲಿ ಹೋಗಿ ಕೂರಬೇಕಲ್ಲ ಎಂದು ಬೇಸರಪಟ್ಟುಕೊಂಡಿದ್ದೆ.

ನಾನು ಆ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಕ್ಕ ಗಂಗೊಳ್ಳಿ ಬಂದರಿನಲ್ಲಿ ಮೀನು ತೆಗೆದುಕೊಂಡು, ಸ್ಕೂಟರಿನ ಹಿಂದೆ ಕಟ್ಟಿದ ಐಸ್ ಪೆಟ್ಟಿಗೆಯಲ್ಲಿ ತುಂಬಿ, ಏರಿನ ಮೇಲಿನ ಮನೆಗಳಿಗೆ ಮಾರುತ್ತಾಳೆ. ಅದನ್ನು ಅವಳು 'ನನ್ನ ಲೈನ್' ಎನ್ನುತ್ತಾಳೆ. ಗಂಗೊಳ್ಳಿಯ ಅವಳ ಮನೆಯಲ್ಲೇ ನಾನೂ ಇರುವುದರಿಂದ, ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡುತ್ತೇವೆ. ಅವಳು ಮುಂದೆ, ನಾನು ನನ್ನ ಸ್ಕೂಟರಿನಲ್ಲಿ ಹಿಂದೆ. ಅವಳ ಪೆಟ್ಟಿಗೆಯಿಂದ ಕರಗಿದ ಐಸ್ ನೀರು ಸಣ್ಣ ಪೈಪಿನಿಂದ ತೊಟ್ಟಿಕ್ಕುತ್ತ ಡಾಂಬರಿನ ಮೇಲೆ ಒಂದು ಒದ್ದೆ ಗೆರೆ ಎಳೆಯುತ್ತ ಹೋಗುತ್ತದೆ. ನಾನು ಆ ಗೆರೆಯ ಮೇಲೆಯೇ ಹೋಗುತ್ತೇನೆ.

ಅವತ್ತು ಏರಿನ ಅರ್ಧದಲ್ಲಿ, ತಿರುವಿನ ಹತ್ತಿರ, ಅಕ್ಕನ ಸ್ಕೂಟರಿನ ಇಂಜಿನ್ ಒಮ್ಮೆಲೇ ಕೂಗಿಕೊಂಡಿತು. ಕೂಗಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ನಿಂತಿತು, ಆಮೇಲೆ ಹಿಂದಕ್ಕೆ ಬರತೊಡಗಿತು. ಅಕ್ಕ ಎರಡೂ ಕಾಲು ಊರಿದಳು. ಎಕ್ಸಿಲೇಟರ್ ಮಾತ್ರ ಬಿಡಲಿಲ್ಲ. ಮೇಲಿನಿಂದ ಲಾರಿಯೊಂದು ಇಳಿದು ಬರುವುದು ನನಗೆ ಕಂಡಿತು, ಅವಳಿಗೆ ಕಂಡಿರಲಿಲ್ಲ. ಅದೇ ಹೊತ್ತಿಗೆ, ಒಳಗೆಲ್ಲೋ ಜಾರುತ್ತಿದ್ದುದೇನೋ ಹಿಡಿದುಕೊಂಡು ಸ್ಕೂಟರು ಹಗ್ಗ ಬಿಚ್ಚಿದ ಕರುವಿನ ಹಾಗೆ ಮುಂದಕ್ಕೆ ಹಾರಿತು. ನೇರ ಲಾರಿಯ ಎದುರಿಗೆ.

ಲಾರಿ ನಿಂತಿತು. ಅದರ ಬಂಪರಿಗೂ ಅಕ್ಕನ ತಲೆಗೂ ನಡುವೆ ಮೀನಿನ ಪೆಟ್ಟಿಗೆಯಷ್ಟು ಜಾಗವಿತ್ತು. ಅಕ್ಕ ರಸ್ತೆಯ ಬದಿಗೆ ಬಿದ್ದಿದ್ದಳು, ಪೆಟ್ಟಿಗೆಯ ಬಂಗಡೆ ಮೀನುಗಳು ರಸ್ತೆಯ ತುಂಬ ಬಿದ್ದಿದ್ದವು. ನಾನು ಕೂಗಿದೆನಂತೆ, ನನಗೆ ಅದರ ನೆನಪಿಲ್ಲ.

ಡ್ರೈವರ್ ಕೆಳಗೆ ಹಾರಿ ಬಂದ.

"ಹ್ವಾಯ್, ಸಾಯುಕೆ ನಿಮ್ಗೆ ನನ್ನ ಲಾರಿಯೇ ಆಯ್ಕಾ?"

ಅಕ್ಕ ಎದ್ದು ಕುಳಿತು, ತರಚಿದ ಮೊಣಕಾಲು ನೋಡಿಕೊಂಡು, ಆಮೇಲೆ ಲಾರಿಯ ಚಕ್ರ ನೋಡಿದಳು. "ಮಾತ್ ಆಮೇಲೆ ಆಡುವ. ಲಾರಿ ಚೂರ್ ಹಿಂದೆ ಮಾಡಿ ಮಾರಾಯ್ರೆ, ನನ್ನ ಬಂಗ್ಡಿ ಮೇಲೆ ನಿಂತಿತ್ತ್."

ಅವನಿಗೆ ನಗು ಬಂದುಬಿಟ್ಟಿತು. ಮೂವರೂ ಸೇರಿ ಮೀನು ಹೆಕ್ಕಿದೆವು. ನಾನು ಹೆಕ್ಕಿದ್ದಕ್ಕಿಂತ ಕೈಯಿಂದ ಜಾರಿಸಿದ್ದೇ ಹೆಚ್ಚು.

ಭಾವ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುವವರು. ಸಂಜೆ ಅಂಗಳದಲ್ಲಿ ಸ್ಕೂಟರಿನ ಎಡಬದಿಯ ಉದ್ದ ಮುಚ್ಚಳ ಬಿಚ್ಚಿದರು. ಗೇರಿಲ್ಲದ ಸ್ಕೂಟರಿನ ಜೀವ ಇರುವುದೇ ಅಲ್ಲಿ. ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ನಡುವೆ ಅಗಲದ ಬೆಲ್ಟು. ಹಿಂದಿನ ಪುಲ್ಲಿಯೆಂದರೆ ಓರೆಯಾದ ಎರಡು ತಟ್ಟೆಗಳು, ಅವನ್ನು ಒತ್ತಿ ಹಿಡಿಯುವ ಒಂದು ದಪ್ಪ ಸ್ಪ್ರಿಂಗು. ಸ್ಪ್ರಿಂಗು ಗಟ್ಟಿಯಾಗಿ ಒತ್ತಿದರೆ ಬೆಲ್ಟು ತಟ್ಟೆಗಳ ಅಂಚಿನಲ್ಲೇ ನಿಲ್ಲುತ್ತದೆ, ಗಾಡಿಗೆ ಏರು ಹತ್ತುವ ಬಲ ಸಿಗುತ್ತದೆ. ಸ್ಪ್ರಿಂಗು ಸೋತರೆ ತಟ್ಟೆಗಳು ಬೇಗ ಬಿಡಿಸಿಕೊಂಡು ಬೆಲ್ಟು ಒಳಕ್ಕೆ ಇಳಿಯುತ್ತದೆ. ಆಗ ಸಪಾಟು ರಸ್ತೆಯಲ್ಲಿ ಓಟ, ಏರಿನಲ್ಲಿ ಒದ್ದಾಟ.

"ಸ್ಪ್ರಿಂಗ್ ಸೋತಿತ್ತ್," ಎಂದರು ಭಾವ. "ಗಟ್ಟಿದ್ ಹಾಕುವ."

"ಕ್ಲಚ್ ಕೆಲ್ಸ ಗೊತ್ತಿಪ್ಪರಿಗೆ ಒಂದ್ ಸಲ ತೋರ್ಸುವ ಭಾವ," ಎಂದೆ.

"ನಡು ಸಮುದ್ರದಗೆ ಬೋಟ್ ನಿಂತ್ರೆ ನನ್ನನ್ನೇ ಕರಿತ್ರ್. ಇದ್ ಸ್ಕೂಟರ್ ಮಾರಾಯ್ತಿ!"

ಮನೆಯ ಬೆಕ್ಕು ಬಿಚ್ಚಿಟ್ಟ ಮುಚ್ಚಳದ ಪಕ್ಕ ಕುಳಿತು ಅದನ್ನು ನೆಕ್ಕುತ್ತಿತ್ತು. ಅದು ದಿನವೂ ಸ್ಕೂಟರಿನ ಎಡಮಗ್ಗುಲಲ್ಲೇ ಮಲಗುತ್ತಿದ್ದುದು ಇಂಜಿನ್ನಿನ ಬಿಸಿಗೆ ಎಂದು ನಾವು ಅಂದುಕೊಂಡಿದ್ದೆವು.

ಹೊಸ ಸ್ಪ್ರಿಂಗು ಬಂತು, ಹೊಸ ಬೆಲ್ಟೂ ಬಂತು. ಭಾವ ತಟ್ಟೆಗಳನ್ನು ಉಪ್ಪುಕಾಗದದಲ್ಲಿ ತಿಕ್ಕಿ ಹೊಳೆಯುವಂತೆ ಮಾಡಿದರು. ಪೆಟ್ಟಿಗೆಯಲ್ಲಿ ಮೀನಿನಷ್ಟೇ ಭಾರಕ್ಕೆ ಹೊಯ್ಗೆ, ಅಂದರೆ ಮರಳು, ತುಂಬಿಸಿ ಹತ್ತಿರದ ತ್ರಾಸಿಯ ಏರಿಗೆ ತೆಗೆದುಕೊಂಡು ಹೋದರು. ಸ್ಕೂಟರು ಆನೆಯ ಹಾಗೆ ಹತ್ತಿತು. ನಾನು ಸಮಾಧಾನದ ಉಸಿರು ಬಿಟ್ಟೆ.

ಮರುದಿನ ಬಂಗಡೆ ತುಂಬಿಕೊಂಡು ಹೋದಾಗ ಅಮಾಸೆಬೈಲಿನ ದಾರಿಯ ಅದೇ ಏರಿನಲ್ಲಿ, ಅದೇ ತಿರುವಿನಲ್ಲಿ, ಅದೇ ಕೂಗು. ಈ ಸಲ ಅಕ್ಕ ಕೂಡಲೇ ಎಕ್ಸಿಲೇಟರ್ ಬಿಟ್ಟು ಇಳಿದಳು, ನಾನು ಓಡಿಹೋಗಿ ಹಿಂದಿನಿಂದ ಒತ್ತಿ ಹಿಡಿದೆ. ಲಾರಿ ಬರಲಿಲ್ಲ. ಬಂದಿದ್ದರೆ ಎಂಬುದನ್ನು ನನ್ನ ತಲೆಯೇ ತಂದು ತೋರಿಸುತ್ತಿತ್ತು. ಪಾಠ ಮಾಡುವಾಗ, ಊಟಕ್ಕೆ ಕುಳಿತಾಗ, ಕಣ್ಣು ಮುಚ್ಚಿದಾಗಲೆಲ್ಲ ಅದೇ ಓಡುತ್ತಿತ್ತು: ಒದ್ದೆ ಗೆರೆ, ತಿರುವು, ಕೂಗು, ಬಂಪರು. ನಿದ್ದೆ ತುಂಡು ತುಂಡಾಗಿ ಬರುತ್ತಿತ್ತು. ನಸುಕಿನಲ್ಲಿ ಅಕ್ಕ ಬಂದರಿಗೆ ಹೊರಡಲು ಸ್ಕೂಟರಿನ ಸ್ಟಾರ್ಟ್ ಗುಂಡಿ ಒತ್ತುವ ಸದ್ದಿಗೆ ಧಡಕ್ಕನೆ ಎದ್ದು ಕೂರುತ್ತಿದ್ದೆ.

"ಆ ಲೈನ್ ಬಿಡ್ ಅಕ್ಕ," ಎಂದೆ. "ಕುಂದಾಪುರ ಮಾರ್ಕೆಟಿನಗೆ ಕೂತ್ಕೊ."

"ಕೂಕಂಡ್ ಮೀನ್ ಮಾರುಕೆ ನಂಗ್ ಆಪುದಿಲ್ಲ. ಮೇಲಿನ್ ಮನಿಯರ್ ಗೇಟಿನ್ ಹತ್ರ ಪಾತ್ರಿ ಹಿಡ್ಕಂಡ್ ಕಾಯ್ತ್ರ್. ಆ ಏರ್ ನಂದ್."

ಹತ್ತದ ಏರನ್ನೇ ಅವಳು ತನ್ನದೆನ್ನುತ್ತಿದ್ದಳು. ಭಾವ ಇನ್ನೂ ಗಟ್ಟಿಯಾದ ಸ್ಪ್ರಿಂಗು ತಂದು ಹಾಕಿದರು. ಅದರಿಂದ ಸ್ಕೂಟರು ಸಪಾಟು ರಸ್ತೆಯಲ್ಲೂ ಸಿಟ್ಟು ಬಂದವರ ಹಾಗೆ ಅರಚತೊಡಗಿತು. ಹೊಯ್ಗೆ ಹಾಕಿದರೆ ತ್ರಾಸಿಯನ್ನು ಇನ್ನೂ ಜೋರಾಗಿ ಹತ್ತಿತು. ಮೀನು ಹಾಕಿದರೆ ಅದೇ ತಿರುವಿನಲ್ಲಿ ನಿಂತಿತು.

"ಹೊಯ್ಗಿ ಹತ್ತುತ್ತ್, ಮೀನ್ ಹತ್ತುದಿಲ್ಲ ಅಂಬ್ರೆ ಇದೆಂತ ಕತಿ!" ಎಂದು ಭಾವ ತಲೆಯ ಮೇಲೆ ಕೈಯಿಟ್ಟರು. ಕೊನೆಗೆ ಅವರೇ, "ಬ್ರಹ್ಮಾವರದಗೆ ಒಬ್ರ್ ಇದ್ರಂಬ್ರ್. ಕಾಂಬ," ಎಂದರು. ಹಾಗೆ ಹೇಳಲು ಅವರಿಗೆ ಬಹಳ ಕಷ್ಟವಾಗಿರಬೇಕು.

ಭಾನುವಾರ ಮೂವರೂ ಸಾಸ್ತಾನ ದಾಟಿ ಬ್ರಹ್ಮಾವರಕ್ಕೆ ಹೋದೆವು. ಗ್ಯಾರೇಜಿನವರು ನಡುವಯಸ್ಸಿನವರು, ಮಾತು ಕಡಿಮೆ. ಕುಕ್ಕರಗಾಲಲ್ಲಿ ಕುಳಿತು ಎಡಬದಿಯ ಮುಚ್ಚಳ ಬಿಚ್ಚಿದವರು ಥಟ್ಟನೆ ಮುಖ ಹಿಂದಕ್ಕೆ ಎಳೆದುಕೊಂಡು ಮೂಗಿಗೆ ತೋಳು ಅಡ್ಡ ಹಿಡಿದರು.

"ಇದ್ರ ಒಳಗೆ ಮೀನ್ ಹಾಕಿದ್ರಿಯಾ ಮಾರಾಯ್ರೆ?"

ಅಕ್ಕನಿಗೆ ಸಿಟ್ಟು ಬಂತು. "ಮೀನಿನ್ ಗಾಡಿ ಅದ್. ಮೀನಿನ್ ವಾಸ್ನಿ ಅಲ್ದೆ ಮಲ್ಲಿಗಿ ಪರಿಮಳ ಬತ್ತಾ? ನೀವ್ ತಿಂಬುದಿಲ್ಯಾ?"

"ನಮ್ಮ ಮನಿಯಗೆ ಇಲ್ಲ. ತಿಂಬರ ಮೇಲೆ ಸಿಟ್ಟೂ ಇಲ್ಲ," ಎಂದು ಅವರು ನಕ್ಕರು. "ಹೊರಗೆ ವಾಸ್ನಿ ಬಂದ್ರೆ ಸರಿ ಅಕ್ಕ. ಬೆಲ್ಟಿನ್ ಒಳಗಿಂದ ಎಂತಕೆ ಬಪ್ಪುದ್?"

ಭಾವ ಬಗ್ಗಿ ಮೂಸಿದರು. "ನಂಗೆ ಎಂತದೂ ಗೊತ್ತಾತಿಲ್ಲೆ."

"ನಿಮ್ಗೆ ಹ್ಯಾಂಗ್ ಗೊತ್ತಾಪುದ್? ಅದೇ ವಾಸ್ನಿ ನಿಮ್ಮ ಅಂಗಿಯಿಂದ್ಲೂ ಬತ್ತಾ ಇತ್ತ್."

ಅಕ್ಕ ಜೋರಾಗಿ ನಕ್ಕಳು. ಭಾವ ಅಂಗಿಯ ತೋಳು ಮೂಸಿ ನೋಡಿಕೊಂಡರು. ನಾನೂ ಬಗ್ಗಿ ಮೂಸಿದೆ, ನನಗೂ ಏನೂ ಗೊತ್ತಾಗಲಿಲ್ಲ. ಮೂರು ಸಲ ಅಂಗಳದಲ್ಲಿ ಬಿಚ್ಚಿದ ಮುಚ್ಚಳ ಅದು. ಗಂಗೊಳ್ಳಿಯ ಗಾಳಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮೂಗಿಗೆ ಮೀನಿನ ವಾಸನೆ ಒಂದು ವಾಸನೆಯೇ ಆಗಿರಲಿಲ್ಲ. ಬೆಕ್ಕಿಗೆ ಮಾತ್ರ ಗೊತ್ತಿತ್ತು.

ಆಗ ನನ್ನ ತಲೆಯಲ್ಲಿ ಅದೇ ದೃಶ್ಯ ಮತ್ತೆ ಓಡಿತು. ಆದರೆ ಈ ಸಲ ಬಂಪರಿನವರೆಗೆ ಹೋಗದೆ ನಡುವಿನಲ್ಲೇ ನಿಂತಿತು. ಒದ್ದೆ ಗೆರೆ ಏರಿನ ಬುಡದವರೆಗೆ ಇತ್ತು. ತಿರುವಿನ ಹತ್ತಿರ ಇರಲಿಲ್ಲ. ಕೂಗು ಕೇಳಿದ್ದು ಗೆರೆ ಮಾಯವಾದ ಮೇಲೆ.

"ಅಕ್ಕ, ಏರಿನಗೆ ಪೆಟ್ಟಿ ನೀರ್ ರಸ್ತಿಗೆ ಬೀಳುದಿಲ್ಲ," ಎಂದೆ. "ಹಾಂಗಾರೆ ಎಲ್ಲಿಗೆ ಹೋತ್ತ್?"

ಗ್ಯಾರೇಜಿನವರು ಮುಚ್ಚಳ ಮತ್ತೆ ಕೂರಿಸಿ, ಸ್ಕೂಟರಿನ ಮುಂದಿನ ಚಕ್ರವನ್ನು ಅಂಗಡಿಯ ಮೆಟ್ಟಿಲ ಮೇಲೆ ಹತ್ತಿಸಿ, ಏರಿನಲ್ಲಿ ನಿಂತ ಹಾಗೆ ನಿಲ್ಲಿಸಿದರು. ಅಕ್ಕ ಪೆಟ್ಟಿಗೆಗೆ ಒಂದು ಕೊಡ ನೀರು ಸುರಿದಳು. ನೀರೆಲ್ಲ ಹಿಂದಿನ ಎಡಮೂಲೆಗೆ ಓಡಿಬಂತು. ಸಪಾಟಿನಲ್ಲಿ ದೂರ ತೂಗುತ್ತಿದ್ದ ಪೈಪಿನ ಬಾಯಿ ಈಗ ವಾಲಿ, ಮುಚ್ಚಳದ ಗಾಳಿ ಕಿಂಡಿಯ ಮೇಲೆಯೇ ಬಂದು ಕುಳಿತಿತ್ತು. ನೀರು ಗಳಗಳ ಒಳಗೆ ಇಳಿಯಿತು. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ.

ಹೊಯ್ಗೆಗೆ ನೀರಿಲ್ಲ, ಮೀನಿಗೆ ಇದೆ. ಅಷ್ಟೇ ಕತೆ. ಮನೆ ಮನೆಯ ಎದುರು ಸ್ಕೂಟರನ್ನು ಸೈಡ್ ಸ್ಟ್ಯಾಂಡಿಗೆ ನಿಲ್ಲಿಸಿದರೆ ಅದು ಎಡಕ್ಕೆ ವಾಲುತ್ತದೆ, ನೀರು ಎಡಕ್ಕೇ ಸೇರುತ್ತದೆ. ಅದಕ್ಕೇ ಭಾವ ಎಡಮೂಲೆಯಲ್ಲಿ ತೂತು ಕೊರೆದಿದ್ದರು. ಮೀನು ಮಾರುವವರ ಲೆಕ್ಕದಲ್ಲಿ ಅದು ಸರಿಯಾದ ಜಾಗ. ಬೆಲ್ಟು ಇರುವುದೂ ಎಡಬದಿಯಲ್ಲೇ ಎಂಬುದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಒದ್ದೆಯಾದ ಬೆಲ್ಟು ಜಾರುತ್ತಿತ್ತು. ಜಾರಿ ಜಾರಿ ಬಿಸಿಯಾಗಿ ಒಣಗಿದೊಡನೆ ಒಮ್ಮೆಲೇ ಹಿಡಿಯುತ್ತಿತ್ತು. ಅದೇ ಆ ಹಾರಾಟ.

"ಇದನ್ನ ಮುಂಚೆ ಹೇಳುಕ್ ನಿಂಗ್ ಎಂತ ಆಯ್ತ್?" ಎಂದಳು ಅಕ್ಕ.

"ಕಣ್ ಮುಚ್ಚಿರೆ ಲಾರಿಯೇ ಕಾಂತಿತ್ತ್ ಅಕ್ಕ. ಗೆರಿ ಕಂಡದ್ದ್ ಇವತ್ತೇ."

ಅಕ್ಕ ಒದ್ದೆ ಕೈಯಲ್ಲೇ ನನ್ನ ಬೆನ್ನು ತಟ್ಟಿದಳು. ಇಷ್ಟು ದಿನ ಅವಳು ಆ ಲಾರಿಯ ಬಗ್ಗೆ ನಗಾಡುತ್ತಲೇ ಇದ್ದಳು. ಅವತ್ತು ಮಾತ್ರ ತಟ್ಟಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಗ್ಯಾರೇಜಿನವರು ಒಳಗೆಲ್ಲ ತೊಳೆದು ಒರೆಸಿ, ಮೂರು ಸ್ಪ್ರಿಂಗುಗಳನ್ನೂ ಅಂಗೈಯಲ್ಲಿ ಒತ್ತಿ ನೋಡಿದರು. ಗಾಡಿಯ ಮೊದಲಿನದು ಈ ಭಾರಕ್ಕೆ ಮೆತ್ತಗಾಯಿತು, ಕೊನೆಯದು ಬೆಲ್ಟನ್ನೇ ತಿನ್ನುತ್ತದೆ ಎಂದು, ಭಾವ ಮೊದಲು ತಂದ ನಡುವಿನದನ್ನು ಹಾಕಿದರು. "ನಾನ್ ತಂದದ್ದೇ ಸರಿ ಇತ್ತಲ್ದಾ!" ಎಂದು ಭಾವ ದಾರಿಯುದ್ದಕ್ಕೂ ಹೇಳಿದರು. ಮನೆಗೆ ಬಂದು ಎಡಮೂಲೆಯ ತೂತು ಮುಚ್ಚಿ, ಬಲಮೂಲೆಯಲ್ಲಿ ಕೊರೆದು, ನಂಬರ್ ಪ್ಲೇಟಿನ ಆಚೆಯವರೆಗೆ ಉದ್ದ ಪೈಪು ಎಳೆದರು. ಅಂದಿನಿಂದ ಅಕ್ಕ ನಡುವಿನ ಸ್ಟ್ಯಾಂಡೇ ಹಾಕುತ್ತಾಳೆ. ಬೆಕ್ಕು ಎರಡು ದಿನ ಎಡಮಗ್ಗುಲು ಮೂಸಿ ನೋಡಿ, ಆಮೇಲೆ ಬೇಜಾರಾಗಿ ಜಾಗ ಬದಲಾಯಿಸಿತು.

ಬ್ರಹ್ಮಾವರದಿಂದ ಬಂದ ಮರುದಿನ ನಾನು ಹಿಂದಿನಿಂದ ಹೋದೆ. ಒದ್ದೆ ಗೆರೆ ಈಗ ಬಲಕ್ಕೆ ಸರಿದಿತ್ತು. ಏರು ಬಂತು, ಗೆರೆ ಇತ್ತು. ತಿರುವು ಬಂತು, ಗೆರೆ ಇನ್ನೂ ದಪ್ಪಗಾಯಿತು. ಇಂಜಿನ್ ಒಂದೇ ದನಿಯಲ್ಲಿ ಹಾಡಿಕೊಂಡು ಮೇಲೆ ಹೋಯಿತು. ಮೇಲೆ ಪಾತ್ರೆ ಹಿಡಿದು ನಿಂತಿದ್ದವರೊಬ್ಬರು, "ಇವತ್ತ್ ಬೇಗ ಬಂದ್ರಿಯಲೆ!" ಎಂದರು.

ಆದರೂ ನನ್ನ ನಿದ್ದೆ ಸ್ಕೂಟರಿನಷ್ಟು ಬೇಗ ರಿಪೇರಿಯಾಗಲಿಲ್ಲ. ಗುಂಡಿ ಒತ್ತುವ ಸದ್ದಿಗೆ ಎಚ್ಚರವಾಗುವುದು ಹಾಗೆಯೇ ಇತ್ತು. ಶಾಲೆಯಿಲ್ಲದ ಭಾನುವಾರಗಳಲ್ಲಿ ಅವಳೊಬ್ಬಳೇ ಹೋಗುವಾಗ ಇನ್ನೂ ಕಷ್ಟ. ಏರು ಹತ್ತಿದ ಕೂಡಲೇ ಫೋನ್ ಮಾಡಬೇಕೆಂದು ಆಣೆ ಹಾಕಿಸಿಕೊಂಡಿದ್ದೆ. ಫೋನ್ ಬರುವವರೆಗೆ ಚಾವಡಿಯಲ್ಲಿ ಕುಳಿತಿರುತ್ತಿದ್ದೆ.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಕಣ್ಣು ಬಿಟ್ಟಾಗ ಬಿಸಿಲು ಚಾಪೆಯ ಮೇಲೆ ಬಂದಿತ್ತು. ಅಂಗಳದಲ್ಲಿ ಸ್ಕೂಟರು ಇರಲಿಲ್ಲ. ಅದು ಹೋದದ್ದು ನನಗೆ ಕೇಳಿರಲೇ ಇಲ್ಲ. ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅದೇ ಹೊಡೆದುಕೊಂಡಿತು.

"ಹ್ವಾಯ್, ಆಗಳಿಂದ ಮಾಡ್ತಾ ಇದ್ದೆ! ಎಲ್ ಸತ್ತ್ ಹೋಯಿದ್ದೆ?" ಅಕ್ಕನ ಹಿಂದೆ ಯಾರೋ ಬಂಗಡೆ ಇವತ್ತಿನದೇ ಹೌದೋ ಎಂದು ಕೇಳುತ್ತಿದ್ದರು.

"ನಿದ್ರಿ ಬಂದಿತ್ತ್ ಅಕ್ಕ."

ಬಂಗಡೆ ಕೇಳುತ್ತಿದ್ದವರಿಗೆ ಅವಳು ಕಾಯಲು ಹೇಳಿದ್ದು ಕೇಳಿಸಿತು.

"ಹಾಂಗಾರೆ ಇನ್ನೊಂದ್ ಗಳಿಗಿ ಮನಿಕೋ," ಎಂದಳು ಅಕ್ಕ.